ಹೊಲಕ್ಕಿರುವ ತಡೆ ಮನೆಗೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಾಗ ಮುಖ್ಯಮಂತ್ರಿಗಳು ಆಕಾಶದಿಂದ ನೋಡಿ ಹೋದರು. ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ನಿಧಿ) ದರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿದರು. ಬೇಡ ಎನ್ನುವವರು ಯಾರು? ಆದರೆ ಪರಿಹಾರದ ಲೆಕ್ಕವೆಲ್ಲ ಹೆಕ್ಟೇರಿನಲ್ಲಿ. ಮನೆಸಾಲದ ಕಂತನ್ನು ಹೆಕ್ಟೇರಿನಲ್ಲಿ ಅಳೆಯಲು ಬರುವುದಿಲ್ಲ. ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಯ ತೊಗರಿ, ಹತ್ತಿ ನೀರು ಪಾಲಾದರೆ ಆ ಬೆಳೆ ನಂಬಿ ಒಪ್ಪಿಕೊಂಡ ಕಂತೂ ನೀರು ಪಾಲು. 90 ದಿನ ಬಾಕಿ ಬಿದ್ದರೆ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ. ಆಮೇಲೆ, ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 60 ದಿನಗಳ ನೋಟಿಸ್. ಅದೂ ಮುಗಿದರೆ ಮನೆಯ ಸ್ವಾಧೀನಕ್ಕೆ ದಾರಿ ಸಲೀಸು. ಎರಡೂ ಸೇರಿ ಐದು ತಿಂಗಳು. ಮುಂಗಾರಿಗೆ ಬಿತ್ತಿದ ತೊಗರಿ ಕಣಕ್ಕೆ ಬಂದು ರಾಶಿಯಾಗಲು ಇದಕ್ಕಿಂತ ಹೆಚ್ಚು ದಿನ ಬೇಕು. ಅಂದರೆ ಹೋದ ಬೆಳೆಯ ಜಾಗದಲ್ಲಿ ಇನ್ನೊಂದು ಬೆಳೆ ತೆಗೆದು ಕಂತು ಕಟ್ಟುವಷ್ಟು ಪುರುಸೊತ್ತನ್ನೂ ಈ ಕಾಯ್ದೆ ಕೊಡುವುದಿಲ್ಲ. ತಿಂಗಳ ಸಂಬಳ ಎಣಿಸುವವರನ್ನು ಎದುರಿಗಿಟ್ಟುಕೊಂಡು ಬರೆದ ಗಡುವು ಇದು.

2025ರ ಜನವರಿಯಲ್ಲಿ ಬೆಳಗಾವಿ ತಾಲ್ಲೂಕಿನ ತಾರಿಹಾಳದಲ್ಲಿ ಬಾಣಂತಿ, ಹಸುಗೂಸು ಸಹಿತ ಒಂದು ಕುಟುಂಬವನ್ನು ಹೊರಗೆ ಹಾಕಿ ಮನೆಗೆ ಬೀಗ ಜಡಿದದ್ದು ನಿಮ್ಮ ಓದುಗರಿಗೆ ನೆನಪಿದೆ. ಬೀಗ ತೆಗೆಸಲು ಸ್ವತಃ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಮಧ್ಯೆ ಬರಬೇಕಾಯಿತು. ಹಾಗಾದರೆ ಮನೆಗೊಬ್ಬ ಸಚಿವರು ಬೇಕೇ? ಮರುತಿಂಗಳು ಸರ್ಕಾರ ಗಡಿಬಿಡಿಯಲ್ಲಿ ಕಿರುಸಾಲ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಮತ್ತೆ ಸಹಿ ಹಾಕಿದರು. ಹತ್ತು ವರ್ಷ ಜೈಲು, ಐದು ಲಕ್ಷ ದಂಡ ಎಂದು ಡಂಗುರವಾಯಿತು. ಆದರೆ ರಿಸರ್ವ್ ಬ್ಯಾಂಕಿನ ನೋಂದಣಿ ಇರುವವರಿಗೆ ಅದು ತಾಗುವುದಿಲ್ಲ. ಮನೆ ಅಡವಿಟ್ಟುಕೊಂಡು ಸಾಲ ಕೊಡುವವರಲ್ಲಿ ಹೆಚ್ಚಿನವರು ಅಂಥವರೇ. ಬೀದಿಯ ಬಡ್ಡಿಯವನಿಗೆ ಬೇಡಿ, ಕಚೇರಿಯ ಬಡ್ಡಿಯವನಿಗೆ ಪೊಲೀಸ್ ಬಂದೋಬಸ್ತ್!

ನನ್ನ ವಾದ ಇಷ್ಟೇ: ತಾಲ್ಲೂಕು ಬರಪೀಡಿತ ಅಥವಾ ನೆರೆಪೀಡಿತ ಎಂದು ಸರ್ಕಾರವೇ ಘೋಷಿಸಿದ ದಿನದಿಂದ ಒಂದು ವರ್ಷ, ವಾಸದ ಮನೆಯ ಜಪ್ತಿ ಮತ್ತು ಹರಾಜು ತಾನಾಗಿಯೇ ನಿಲ್ಲಬೇಕು. ಇದೇನೂ ಹೊಸ ತತ್ವವಲ್ಲ. ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿಭೂಮಿಯನ್ನು ಹೊರಗಿಟ್ಟಿದೆ. ಹೊಲ ಮುಟ್ಟುವ ಹಾಗಿಲ್ಲ, ಹೊಲದವನು ಮಲಗುವ ಮನೆ ಮುಟ್ಟಬಹುದು! ಬ್ರಿಟಿಷರ ಕಾಲದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ರೈತ ವಾಸಿಸುವ ಮನೆಯನ್ನು ಜಪ್ತಿ ಮಾಡಬಾರದು ಎನ್ನುತ್ತದೆ. ಅಡವಿಟ್ಟ ಮನೆಗೆ ಆ ರಕ್ಷಣೆ ಸಿಗದು ಎಂದು ವಕೀಲರು ತಿದ್ದುತ್ತಾರೆ, ತಿದ್ದಲಿ. ದುಡಿಯುವವನ ತಲೆಯ ಮೇಲಿನ ಸೂರು ಬೇರೆ, ಅವನ ಉಳಿದ ಆಸ್ತಿ ಬೇರೆ ಎಂಬ ತಿಳಿವಳಿಕೆ ಪರಕೀಯರಿಗೂ ಇತ್ತು ಎಂಬುದಷ್ಟೇ ನನ್ನ ಮಾತು. ಇನ್ನೊಂದು ಚೋದ್ಯ ನೋಡಿ. 2016ರ ದಿವಾಳಿ ಸಂಹಿತೆಯಲ್ಲಿ ಒಂದು 14ನೇ ಸೆಕ್ಷನ್ ಇದೆ. ಕಂಪನಿಯ ಅರ್ಜಿ ಅಂಗೀಕಾರವಾದ ಕ್ಷಣದಿಂದ ಅದರ ಮೇಲಿನ ಎಲ್ಲ ವಸೂಲಿಗೆ, ಸರ್ಫೇಸಿ ಕ್ರಮಕ್ಕೂ ಸೇರಿ, ತಡೆ ಬೀಳುತ್ತದೆ. ಸರ್ಫೇಸಿಯಲ್ಲೂ ಒಂದು 14ನೇ ಸೆಕ್ಷನ್ ಇದೆ. ಅದು ಜಿಲ್ಲಾ ಮ್ಯಾಜಿಸ್ಟ್ರೇಟರ ಬಲದಿಂದ ಮನೆ ಖಾಲಿ ಮಾಡಿಸುತ್ತದೆ. ಸಾವಿರಾರು ಕೋಟಿ ಮುಳುಗಿಸಿದ ಕಂಪನಿಗೆ ಮೊದಲನೆಯ 14, ನಾಲ್ಕೈದು ಲಕ್ಷದ ಮುದ್ದೇಬಿಹಾಳದವನಿಗೆ ಎರಡನೆಯ 14. ಕಂಪನಿಯ ಸಾಲಕ್ಕೆ ಜಾಮೀನು ನಿಂತ ಧಣಿಗಳಿಗೂ 2019ರಿಂದ ತಡೆಯ ಭಾಗ್ಯ ಸಿಕ್ಕಿದೆ. ಅದೇ ಸಂಹಿತೆಯ ಸಾಮಾನ್ಯ ಸಾಲಗಾರನ ಅಧ್ಯಾಯ ಮಾತ್ರ ಇನ್ನೂ ಜಾರಿಗೇ ಬಂದಿಲ್ಲ.

ಅನ್ಯಾಯ ಎನಿಸಿದರೆ ದೂರು ಕೊಡಬಹುದಲ್ಲ ಎನ್ನುತ್ತಾರೆ. ಎಲ್ಲಿ? ಬಸವನ ಬಾಗೇವಾಡಿಯ ಸಿವಿಲ್ ಕೋರ್ಟು ಇದನ್ನು ಕೇಳುವಂತಿಲ್ಲ, ಸರ್ಫೇಸಿಯ 34ನೇ ಸೆಕ್ಷನ್ ಬಾಗಿಲು ಮುಚ್ಚಿದೆ. ಸಾಲ ವಸೂಲಾತಿ ನ್ಯಾಯಮಂಡಳಿ ಇರುವುದು ಐನೂರು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ, ಅದೂ 45 ದಿನಗಳೊಳಗೆ ಅರ್ಜಿ ಹಾಕಬೇಕು. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈನಲ್ಲಿ, ಬಾಕಿಯ ಅರ್ಧದಷ್ಟು ಠೇವಣಿ ಇಟ್ಟು. ಮಂಡಳಿ ದಯೆ ತೋರಿದರೆ ಕಾಲು ಭಾಗ. ಅಷ್ಟು ದುಡ್ಡಿದ್ದವನು ಕಂತನ್ನೇ ಕಟ್ಟುತ್ತಿರಲಿಲ್ಲವೇ? ಹೈಕೋರ್ಟಿನ ಪೀಠವೇ ಕಲಬುರಗಿಗೆ ಬಂದಿರುವಾಗ ಈ ಮಂಡಳಿಯ ಒಂದು ಶಾಖೆ ಕೃಷ್ಣೆ ದಾಟಿ ಈಚೆ ಬರಲು ಏನಡ್ಡಿ? ಇನ್ನು ಭಾಷೆಯದೂ ತೊಡಕು. ಮೊದಲ ನೋಟಿಸ್ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಸ್ವಾಧೀನದ ಪ್ರಕಟಣೆ ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಬರಬೇಕೆಂಬ ನಿಯಮ ಇದೆ ನಿಜ, ಬರುವ ಕನ್ನಡವನ್ನು ಭೂತಗನ್ನಡಿ ಹಿಡಿದು ಓದಿದರೂ ಅರ್ಥವಾಗದು. ತಮ್ಮ ಪತ್ರಿಕೆಯೂ ಅಂಥ ಜಾಹೀರಾತು ಅಚ್ಚು ಹಾಕುತ್ತದೆ ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ಸರ್ಫೇಸಿ ಕೇಂದ್ರದ ಕಾಯ್ದೆ, ರಾಜ್ಯದ ಕೈ ಕಟ್ಟಿದೆ ಎಂಬುದು ನಮ್ಮ ಜನಪ್ರತಿನಿಧಿಗಳ ಸಿದ್ಧ ಉತ್ತರ. ಪೂರ್ತಿ ಕಟ್ಟಿಲ್ಲ. ನೈಸರ್ಗಿಕ ವಿಕೋಪದ ಬಗ್ಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆಹಾನಿ ಆದಲ್ಲಿ ಬೆಳೆಸಾಲದ ಅವಧಿ ವಿಸ್ತರಿಸಲು ಅವಕಾಶವಿತ್ತು. ಕೃಷಿಯೇತರ ಸಾಲಗಳನ್ನೂ ಸಾಮೂಹಿಕವಾಗಿ ಮುಂದೂಡಬೇಕೇ ಎಂಬುದನ್ನು ರಾಜ್ಯ ಮಟ್ಟದ ಬ್ಯಾಂಕರ್‌ಗಳ ಸಮಿತಿ ಅಥವಾ ಜಿಲ್ಲಾ ಸಮಾಲೋಚನಾ ಸಮಿತಿ ನಿರ್ಧರಿಸಬಹುದು ಎಂದೂ ಅದು ಹೇಳಿತ್ತು. ಜಿಲ್ಲಾ ಸಮಿತಿಯ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದಾಗ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲ್ಲೂಕು ಆ ಪಟ್ಟಿಯಲ್ಲಿದ್ದವು. ಆಗ ಸಿಕ್ಕಿದ್ದೇನು? ಸಹಕಾರಿ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲದ ಅಸಲನ್ನು ಪೂರ್ತಿ ಕಟ್ಟಿದರೆ ಬಡ್ಡಿ ಮನ್ನಾ! ಬರಗಾಲದಲ್ಲಿ ಅಸಲು ಕಟ್ಟಬಲ್ಲ ಆ ಪುಣ್ಯವಂತನನ್ನು ಹುಡುಕಿ ಸನ್ಮಾನಿಸಬೇಕಿತ್ತು. ಇನ್ನು ಕೇಂದ್ರಕ್ಕಂತೂ ನೆಪವೇ ಇಲ್ಲ. ಒಂದು ವರ್ಗದ ಬ್ಯಾಂಕುಗಳಿಗೆ ಕಾಯ್ದೆಯ ಯಾವುದೇ ಭಾಗ ಅನ್ವಯಿಸದಂತೆ ಅಧಿಸೂಚನೆ ಹೊರಡಿಸುವ ಅಧಿಕಾರ 31ಎ ಸೆಕ್ಷನ್‌ನಲ್ಲೇ ಇದೆ.

ಠೇವಣಿದಾರರ ಹಣದ ಗತಿಯೇನು, ಕಟ್ಟುವವರೂ ಕಟ್ಟುವುದು ಬಿಟ್ಟಾರು ಎಂಬ ಆಕ್ಷೇಪ ಗೊತ್ತಿದ್ದದ್ದೇ. ನಾನು ಕೇಳುತ್ತಿರುವುದು ಮನ್ನಾ ಅಲ್ಲ, ಮುಂದೂಡಿಕೆ. ಅಸಲು, ಬಡ್ಡಿ ಎರಡೂ ಉಳಿಯುತ್ತವೆ, ಅಡಮಾನ ಪತ್ರ ಬ್ಯಾಂಕಿನ ಕಪಾಟಿನಲ್ಲೇ ಇರುತ್ತದೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇಡೀ ದೇಶದ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಆ ಆರು ತಿಂಗಳಿಗೆ ಬಡ್ಡಿಯ ಮೇಲೆ ಬಡ್ಡಿ ಹಾಕಕೂಡದೆಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್ 23ರಂದು ತೀರ್ಪು ಕೊಟ್ಟಿತು. ಬ್ಯಾಂಕುಗಳೇನೂ ಮುಳುಗಲಿಲ್ಲ. ಅಷ್ಟಕ್ಕೂ, ನೆರೆ ಬಂದ ಊರಿನ ಮನೆಯನ್ನು ನೆರೆಯ ವರ್ಷವೇ ಹರಾಜಿಗಿಟ್ಟರೆ ಕೊಳ್ಳುವವರು ಯಾರು? ಅರ್ಧ ಬೆಲೆಗೆ ಕೂಗುವ ದಲ್ಲಾಳಿ. ಅಲ್ಲಿ ಠೇವಣಿದಾರನ ಹಣವೂ ಪೂರ್ತಿ ಬರುವುದಿಲ್ಲ, ಸಾಲಗಾರನ ತಲೆಯ ಮೇಲೆ ಉಳಿಕೆ ಬಾಕಿಯೂ ತಪ್ಪುವುದಿಲ್ಲ.

ಆಲಮಟ್ಟಿಗಾಗಿ ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಜನ ಊರಿಗೆ ಊರೇ ಬಿಟ್ಟುಕೊಟ್ಟಾಗ ಕಾನೂನು ಎಷ್ಟು ಚುರುಕಾಗಿತ್ತೆಂದು ಈ ಜಿಲ್ಲೆಗೆ ಗೊತ್ತಿದೆ. ಅದೇ ಚುರುಕಿನಲ್ಲಿ ನಾಲ್ಕೂ ತಾಲ್ಲೂಕುಗಳ ಶಾಸಕರು ಈ ವಿಷಯವನ್ನು ಸದನದಲ್ಲಿ ಎತ್ತಲಿ, ಸಂಸದರು 31ಎ ಬಗ್ಗೆ ಹಣಕಾಸು ಸಚಿವಾಲಯಕ್ಕೆ ಬರೆಯಲಿ. ವಿಜಯಪುರದ ಜಿಲ್ಲಾಧಿಕಾರಿಗಳು ಮುಂದಿನ ಬ್ಯಾಂಕರ್‌ಗಳ ಸಭೆಯಲ್ಲಿ ಇದೊಂದನ್ನು ಮೊದಲ ವಿಷಯವಾಗಿ ಇಟ್ಟು, ಯಾವ ಬ್ಯಾಂಕು ಒಪ್ಪಿತು, ಯಾವುದು ಒಪ್ಪಲಿಲ್ಲ ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಲಿ.

— ಓದುಗ, ಸಿಂದಗಿ