ಯಾವ ಆವೃತ್ತಿಯ ಪ್ರತಿ?

ರಾಯದುರ್ಗದ ಹಳೆಯ ಮನೆಗಳಲ್ಲಿ ತಾತಂದಿರ ಕಾಲದ ಕಾಗದದ ಕಟ್ಟುಗಳನ್ನು ಬಿಚ್ಚಿದರೆ ಊರಿನ ಹೆಸರಿನ ಮುಂದೆ ‘ಬಳ್ಳಾರಿ ಜಿಲ್ಲೆ’ ಎಂದು ಬರೆದಿರುವುದು ಕಣ್ಣಿಗೆ ಬೀಳಬಹುದು. ಅದು ಬರಹಗಾರನ ಕೈತಪ್ಪಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆ ರಾಜ್ಯಕ್ಕೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಯದಾಯಿತು. ಮಡಕಶಿರಾದವರಿಗೆ ಇದೇ ಅನುಭವ ತೀರ ಈಚಿನದು. 2022ರ ಏಪ್ರಿಲ್ 4ರಂದು ರಾಜ್ಯದ 13 ಜಿಲ್ಲೆಗಳು 26 ಆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಊರು ಇದ್ದಲ್ಲಿಯೇ ಇದೆ, ದಾಖಲೆಯ ಅಂಕಣದಲ್ಲಿನ ಹೆಸರು ಮಾತ್ರ ಬೇರೆ.

ಇಂಥ ಕಾಗದವನ್ನು ಕೈಗೆತ್ತಿಕೊಂಡ ಅನುಭವಿ ಗುಮಾಸ್ತರು ಮೊದಲು ತಾರೀಕನ್ನು ನೋಡುತ್ತಾರೆ, ಆಮೇಲೆ ವಿಷಯವನ್ನು ಓದುತ್ತಾರೆ. ಗಣಕಯಂತ್ರಕ್ಕೆ ಈ ವಿವೇಕ ತಾನಾಗಿ ಬರುವುದಿಲ್ಲ. ಯಾರಾದರೂ ಅದನ್ನು ತಂತ್ರಾಂಶದಲ್ಲಿ ಬರೆದಿಡಬೇಕು.

ನಮ್ಮ ಮಕ್ಕಳ ಹೆಸರು, ಮಾತೃಭಾಷೆ, ಬೋಧನಾ ಮಾಧ್ಯಮ, ಅಂಕಗಳು ಈಗ ಡೇಟಾಬೇಸ್ ಎಂಬ ದತ್ತಸಂಚಯಗಳಲ್ಲಿವೆ. ಯಂತ್ರ ಕೆಟ್ಟರೆ ಕೈಗೆ ಬರಲೆಂದು ಅದರ ಬ್ಯಾಕಪ್ ಪ್ರತಿಯೊಂದನ್ನು ತೆಗೆದಿಡುತ್ತಾರೆ. ಆ ಪ್ರತಿಯಿಂದ ಮಾಹಿತಿಯನ್ನು ಮತ್ತೆ ತುಂಬುವ ಕೆಲಸಕ್ಕೆ ಬೇರೊಂದು ಸಾಧನ ಇರುತ್ತದೆ. ಪ್ರತಿ ತೆಗೆದ ದಿನಕ್ಕೂ ಅದನ್ನು ಮತ್ತೆ ತುಂಬುವ ದಿನಕ್ಕೂ ನಡುವೆ ದತ್ತಸಂಚಯದ ರಚನೆಯೇ ಬದಲಾಗಿದ್ದರೆ ತೊಡಕು ಹುಟ್ಟುತ್ತದೆ. ಹಿಂದೆ ‘ಭಾಷೆ’ ಎಂಬ ಒಂದೇ ಅಂಕಣವಿದ್ದು, ಈಗ ‘ಮಾತೃಭಾಷೆ’, ‘ಮಾಧ್ಯಮ’ ಎಂದು ಎರಡಾಗಿವೆಯೆಂದು ಭಾವಿಸಿ. ಹಳೆಯ ಪ್ರತಿಯನ್ನು ವಿಚಾರಿಸದೆ ಹೊಸ ರಚನೆಗೆ ಸುರಿದರೆ ಕನ್ನಡ ಮಾಧ್ಯಮದ ಬಾಲಕಿಯೊಬ್ಬಳ ಮಾಧ್ಯಮದ ಅಂಕಣ ಖಾಲಿ ಉಳಿಯಬಹುದು, ಅಥವಾ ಪಕ್ಕದ ಅಂಕಣದ ಮಾಹಿತಿ ಅಲ್ಲಿ ಬಂದು ಕೂರಬಹುದು. ದೋಷಸೂಚನೆ ಬಂದರೆ ಪುಣ್ಯ. ಬಾರದಿದ್ದರೆ ತಪ್ಪು ವರ್ಷಗಟ್ಟಲೆ ಮೌನವಾಗಿ ಉಳಿಯುತ್ತದೆ.

ಗಡಿನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಸಂವಿಧಾನದ 371-ಡಿ ವಿಧಿಯಡಿ ‘ಸ್ಥಳೀಯ ಅಭ್ಯರ್ಥಿ’ ಎಂಬ ಮಾನ್ಯತೆಗೆ ವಿದ್ಯಾರ್ಥಿ ಯಾವ ವರ್ಷ ಎಲ್ಲಿ ಓದಿದನೆಂಬುದು ಮುಖ್ಯ ಆಧಾರ. ಒಂದೆರಡು ತರಗತಿಗಳನ್ನು ಪಾವಗಡದಲ್ಲೋ ಬಳ್ಳಾರಿಯಲ್ಲೋ ಓದಿ ಬಂದ ಮಕ್ಕಳ ವಿಷಯದಲ್ಲಿ ದಾಖಲೆಯ ಒಂದು ಸಾಲು ಹೆಚ್ಚು ಕಡಿಮೆಯಾದರೂ ಕಾಲೇಜಿನ ಬಾಗಿಲಲ್ಲಿ ನಿಂತು ವಾದಿಸಬೇಕಾಗುತ್ತದೆ.

ಒಳ್ಳೆಯ ಸಾಧನಗಳು ಇದಕ್ಕೆ ಕಂಡುಕೊಂಡಿರುವ ಉಪಾಯ ಸರಳವಾದದ್ದು. ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿಯೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯ ಕೆಲಸ ಮಾಡುತ್ತಿರುತ್ತದೆ. ಅದರ ಕಡತದ ಮೊದಲ 16 ಬೈಟ್‌ಗಳು ಅದರ ಹೆಸರನ್ನು ಹೇಳುತ್ತವೆ. ತುಸು ಮುಂದೆ ಎರಡು ಪುಟ್ಟ ಸಂಖ್ಯೆಗಳಿವೆ: ಒಂದು ಬರೆಯುವ ಆವೃತ್ತಿ, ಇನ್ನೊಂದು ಓದುವ ಆವೃತ್ತಿ. ಬರೆಯುವ ಸಂಖ್ಯೆ ತನಗೆ ತಿಳಿದುದಕ್ಕಿಂತ ದೊಡ್ಡದಾಗಿದ್ದರೆ ತಂತ್ರಾಂಶವು ಕಡತವನ್ನು ಓದುತ್ತದೆ, ಆದರೆ ತಿದ್ದಲೊಲ್ಲದು. ಓದುವ ಸಂಖ್ಯೆಯೇ ದೊಡ್ಡದಾಗಿದ್ದರೆ ತೆರೆಯುವುದೇ ಇಲ್ಲ. ನನಗೆ ಈ ಎರಡು ಹಂತದ ಸಂಕೋಚ ಬಹಳ ಹಿಡಿಸುತ್ತದೆ. ತಿಳಿಯದ ಲಿಪಿಯ ತಾಳೆಗರಿ ಸಿಕ್ಕರೆ ಅದರ ಮೇಲೆ ಕಂಠ ಆಡಿಸಬಾರದೆಂಬ ಅರಿವು ಅದರಲ್ಲಿದೆ.

ಆದರೆ ಸಾಧನ ನಿರಾಕರಿಸಿದರೆ ಸಾಲದು, ಆ ನಿರಾಕರಣೆ ಯಾರದಾದರೂ ಕಿವಿಗೆ ಬೀಳಬೇಕು. ಇದಕ್ಕೆ ಪ್ರಸಿದ್ಧ ನಿದರ್ಶನ ಗಿಟ್‌ಲ್ಯಾಬ್ ಎಂಬ ಸಂಸ್ಥೆಯದು. ಅದು ತಂತ್ರಾಂಶ ಬರೆಯುವವರ ಕೆಲಸವನ್ನು ಕಾಪಿಡುವ ಸಂಸ್ಥೆ. 2017ರ ಜನವರಿ 31ರಂದು ಅಲ್ಲಿಯ ಸಿಬ್ಬಂದಿಯೊಬ್ಬರು ಉಪಯಂತ್ರವೆಂದು ಭಾವಿಸಿ ಮುಖ್ಯಯಂತ್ರದ ದತ್ತಸಂಚಯವನ್ನೇ ಅಳಿಸಿದರು. ಸುಮಾರು 300 ಗಿಗಾಬೈಟ್ ಮಾಹಿತಿ ಹೋಯಿತು. ದಿನವೂ ತೆಗೆಯುತ್ತಿದ್ದ ಪ್ರತಿಗಳನ್ನು ಹುಡುಕಿದರೆ ಉಗ್ರಾಣ ಬರಿದು. ಅವರ ಪೋಸ್ಟ್‌ಗ್ರೆಸ್ ದತ್ತಸಂಚಯ 9.6ನೆಯ ಆವೃತ್ತಿಯದು, ಪ್ರತಿ ತೆಗೆಯಲು ಓಡುತ್ತಿದ್ದ ಸಾಧನ 9.2ರದು. ತನಗಿಂತ ಹೊಸ ಆವೃತ್ತಿಯ ದತ್ತಸಂಚಯದ ಪ್ರತಿ ತೆಗೆಯಲು ಆ ಸಾಧನ ಒಪ್ಪುವುದಿಲ್ಲ. ಅದರ ನಿರಾಕರಣೆ ಸರಿಯಾಗಿಯೇ ಇತ್ತು.

ಹಳೆಯ ಸಾಧನ ಓಡಿದ್ದಾದರೂ ಏಕೆ? ಆವೃತ್ತಿಯನ್ನು ತಿಳಿಸುವ ಒಂದು ಚಿಕ್ಕ ಕಡತ ಆ ಯಂತ್ರದಲ್ಲಿ ಇರಲಿಲ್ಲ. ಇಲ್ಲವಾದ್ದರಿಂದ ವ್ಯವಸ್ಥೆ ತಾನೇ 9.2 ಎಂದು ಊಹಿಸಿಕೊಂಡಿತು. ಇಡೀ ಪ್ರಕರಣದಲ್ಲಿ ನಿಜವಾದ ದೋಷ ಈ ಊಹೆಯೇ ಎಂದು ನನ್ನ ಎಣಿಕೆ. ಗೊತ್ತಿಲ್ಲದಿದ್ದಾಗ ನಿಂತು ಕೇಳುವಂತೆ ಬರೆಯಬೇಕಾಗಿದ್ದಲ್ಲಿ ಊಹಿಸಿ ಮುಂದುವರಿಯುವಂತೆ ಬರೆದಿದ್ದರು. ಪ್ರತಿ ವಿಫಲವಾಗಿದೆಯೆಂದು ಎಚ್ಚರಿಸುವ ಮಿಂಚಂಚೆಗಳನ್ನು, ಅವು ದೃಢೀಕೃತವಲ್ಲವೆಂದು, ಅಂಚೆ ವ್ಯವಸ್ಥೆ ತಿರಸ್ಕರಿಸಿತು. ಅದೃಷ್ಟಕ್ಕೆ ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಉಳಿದಿತ್ತು. ಸೇವೆ ಮತ್ತೆ ಆರಂಭವಾಗಲು 18 ಗಂಟೆ ಹಿಡಿಯಿತು. ನಡುವಿನ ಅವಧಿಯಲ್ಲಿ ಸೇರಿದ್ದ ಸುಮಾರು 700 ಹೊಸ ಬಳಕೆದಾರರ ಖಾತೆಗಳು ಮರಳಲಿಲ್ಲ.

ಕನ್ನಡದವರಿಗೆ ಇನ್ನೊಂದು ಹೆಚ್ಚಿನ ಕಷ್ಟವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕೂಡಿಸಿದ ಕಡತಕ್ಕೂ ಯೂನಿಕೋಡ್ ಕಡತಕ್ಕೂ ಒಳಗಿನ ಸಂಕೇತಗಳೇ ಬೇರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಮನೆಯಿದೆ. ಅದರ ಹಿಂದಿನ ಮನೆ, ನಮ್ಮ ಜಿಲ್ಲೆಗಳಲ್ಲಿರುವಂತೆಯೇ, ತೆಲುಗಿನದು. ಹಳೆಯ ಶೈಲಿಯ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೂ ಪರಿವರ್ತಕದಿಂದ ಸರಿಪಡಿಸಬಹುದು. ಆದರೆ ಕನ್ನಡವನ್ನರಿಯದ ಸಂಕೇತವ್ಯವಸ್ಥೆಯ ದತ್ತಸಂಚಯಕ್ಕೆ ಸುರಿದಾಗ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಟ್ಟರೆ ಆ ಹೆಸರು ಹೋದಂತೆಯೇ ಲೆಕ್ಕ. ಒಂದು ಚಿಹ್ನೆಗೂ ಇನ್ನೊಂದಕ್ಕೂ ಭೇದವಿಲ್ಲ, ಯಾವುದು ‘ಕ’ ಯಾವುದು ‘ಮ’ ಎಂದು ಯಾರೂ ಹೇಳಲಾರರು.

ಆದ್ದರಿಂದ ಶಾಲೆಯಲ್ಲಿ ಗಣಕಯಂತ್ರ ಬದಲಾಯಿಸುವ ಸಂದರ್ಭ ಬಂದರೆ ಪೋಷಕರ ಸಭೆಯಲ್ಲಿ ಕೇಳಬಹುದಾದ ಮಾತು ಇದು: ಹಳೆಯ ಪ್ರತಿಯನ್ನು ಮೊದಲು ಬೇರೊಂದು ಯಂತ್ರದಲ್ಲಿ ತುಂಬಿ ನೋಡಿದಿರಾ? ಒತ್ತಕ್ಷರಗಳಿರುವ ನಾಲ್ಕೈದು ಹೆಸರುಗಳನ್ನು ತೆರೆದು ಹಾಜರಿ ಪುಸ್ತಕದೊಡನೆ ಹೋಲಿಸಿದಿರಾ? ಸಾಧನವು ‘ಆವೃತ್ತಿ ಹೊಂದುವುದಿಲ್ಲ’ ಎಂದು ನಿಂತರೆ, ಬಲವಂತವಾಗಿ ಮುಂದುವರಿಸುವ ಗುಂಡಿಯನ್ನು ಒತ್ತುವ ಮೊದಲು ಮೂಲಪ್ರತಿಯ ಇನ್ನೊಂದು ನಕಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟು, ಅದರ ಮೇಲೆ ತಾರೀಕನ್ನೂ ತಂತ್ರಾಂಶದ ಆವೃತ್ತಿಯನ್ನೂ ಮಸಿಯಲ್ಲಿ ಬರೆದಿಡತಕ್ಕದ್ದು.