ಬಿತ್ತುವ ಹಕ್ಕು: ದೇಶಕ್ಕೊಂದು ನ್ಯಾಯ

ಕೊಯ್ಲಿನ ವೇಳೆ ಒಳ್ಳೆಯ ತೆನೆ ಆಯ್ದು ಮುಂದಿನ ಮಳೆಗಾಲಕ್ಕೆಂದು ಕಟ್ಟಿಡುವ ರೈತ ತಪ್ಪಿತಸ್ಥನೇ? ಒಂದೊಂದು ದೇಶದ ಕಾನೂನು ಒಂದೊಂದು ಉತ್ತರ ಕೊಡುತ್ತದೆ.

ಅಮೆರಿಕದಲ್ಲಿ ಬೀಜಕ್ಕೂ ಪೇಟೆಂಟ್ ಉಂಟು. ಬೌಮನ್ ಎಂಬ ರೈತ ಧಾನ್ಯದ ಮಳಿಗೆಯಿಂದ ಕೊಂಡ, ಕಳೆನಾಶಕ ತಾಳುವ ಸೋಯಾವನ್ನು ಬಿತ್ತಿ, ಆ ಬೆಳೆಯಿಂದ ಬೀಜ ಉಳಿಸಿಕೊಂಡದ್ದು ಮಾನ್ಸಾಂಟೊ ಕಂಪನಿಯ ಪೇಟೆಂಟಿನ ಉಲ್ಲಂಘನೆಯೆಂದು ಅಲ್ಲಿನ ಸುಪ್ರೀಂ ಕೋರ್ಟು 2013ರಲ್ಲಿ ಒಮ್ಮತದ ತೀರ್ಪಿತ್ತಿತು. ಐರೋಪ್ಯ ಒಕ್ಕೂಟದ 1994ರ ತಳಿ ಹಕ್ಕಿನ ನಿಯಮದ್ದು ನಡುದಾರಿ: ಗೊತ್ತುಪಡಿಸಿದ ಬೆಳೆಗಳಲ್ಲಿ ಬೀಜ ಉಳಿಸಿಕೊಳ್ಳಬಹುದು, ಆದರೆ ಸಣ್ಣ ರೈತರ ಹೊರತು ಉಳಿದವರು ತಳಿಯ ಒಡೆಯನಿಗೆ ಹಣ ತೆರಬೇಕು.

ನಮ್ಮ ಪೇಟೆಂಟ್ ಕಾಯಿದೆಯು ಸಸ್ಯ, ಬೀಜ, ತಳಿಗಳನ್ನು ಪೇಟೆಂಟಿನಿಂದ ಹೊರಗಿಟ್ಟಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮಿನಂತೆ ಸಂರಕ್ಷಿತ ತಳಿಯ ಬೀಜವನ್ನೂ ರೈತರು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರಾಂಡ್ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ. ಆದರೂ 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ದಾವೆ ಹೂಡಿತು. ರೈತ ಸಂಘಟನೆಗಳು ಇದೇ ಕಲಮನ್ನು ಮುಂದಿಟ್ಟು ಪ್ರತಿಭಟಿಸಿದವು. ಕಂಪನಿ ದಾವೆಗಳನ್ನು ಹಿಂತೆಗೆದುಕೊಂಡಿತು. ಹಕ್ಕನ್ನು ಅರಿತವರಿಗಷ್ಟೇ ಕಾನೂನು ಒದಗಿಬರುತ್ತದೆ.

ಇದೇ ಕಾಯಿದೆಯಡಿ ರೈತರು ತಮ್ಮ ತಳಿಗಳನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. ಹೆಗ್ಗೆ, ಗಂಧಸಾಲೆಗಳು ನಮ್ಮ ಗದ್ದೆಗಳಿಂದ ಮರೆಯಾದ ಮೇಲೆ ಈ ಹಕ್ಕು ಬರಿಯ ಕಾಗದ. ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಪ್ರತಿ ಮನೆಗೂ ಹೋಗಿ, ಯಾವ ತಳಿ ಯಾರಲ್ಲಿದೆ, ಅದರ ಗುಣವೇನು, ಎಷ್ಟು ಕಾಲದಿಂದ ಬೆಳೆಯುತ್ತಿದ್ದಾರೆ ಎಂದು ಹಿರಿಯರನ್ನು ಕೇಳಿ ಬರೆದಿಡಲಿ. ನೋಂದಣಿಯ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.