ದೊಡ್ಡ ಪ್ಯಾನೆಲ್ ಇದ್ದರೂ ಬ್ಯಾಟರಿ ಯಾಕೆ ತುಂಬುತ್ತಿಲ್ಲ?

ಗಲ್ಫಿನಲ್ಲಿ ದುಡಿದು ಉಳಿಸಿದ ಹಣದಲ್ಲಿ ಊರಿನ ಮನೆಗೆ ಸೋಲಾರ್ ಹಾಕಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅಪ್ಪ ಅಮ್ಮ ಕತ್ತಲಲ್ಲಿ ಕೂರಬಾರದು, ಮಕ್ಕಳ ಓದು ನಿಲ್ಲಬಾರದು ಅನ್ನೋದು ಆಸೆ. ಆದರೆ ಹಣ ಕಳಿಸೋದು ನಾವು, ಸಾಮಾನು ಆರಿಸೋದು ಅಂಗಡಿಯವರು. ಆರು ತಿಂಗಳಾದ ಮೇಲೆ ಮನೆಯಿಂದ ಫೋನು ಬರುತ್ತೆ: "ಇಷ್ಟು ದೊಡ್ಡ ಪ್ಯಾನೆಲ್ ಇದೆ, ರಾತ್ರಿ ಒಂಬತ್ತಕ್ಕೇ ಫ್ಯಾನ್ ನಿಲ್ಲುತ್ತೆ." ಎಲ್ಲರೂ ಬ್ಯಾಟರಿಯನ್ನು ಬೈಯುತ್ತಾರೆ. ಎಷ್ಟೋ ಸಲ ದೋಷ ಇರೋದು ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತ ಚಾರ್ಜ್ ಕಂಟ್ರೋಲರ್ ಎಂಬ ಸಣ್ಣ ಪೆಟ್ಟಿಗೆಯ ಆಯ್ಕೆಯಲ್ಲಿ. ಈ ತಿಂಗಳು ಅದರ ಲೆಕ್ಕ ನೋಡೋಣ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರಿಗೆ ಈ ಮಾತು ಅನ್ವಯಿಸುವುದಿಲ್ಲ.

18 ವೋಲ್ಟ್ ಯಾಕೆ?

12 ವೋಲ್ಟ್ ಬ್ಯಾಟರಿ ಅನ್ನೋದು ಕರೆಯೋ ಹೆಸರು ಅಷ್ಟೆ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಸುಮಾರು 14.4 ವೋಲ್ಟ್ ಕೊಡಬೇಕು. ಸೋಲಾರ್ ಪ್ಯಾನೆಲ್ಲಿನ ಒಂದು ಸೆಲ್ ಕೆಲಸ ಮಾಡುವಾಗ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. ಆದ್ದರಿಂದ 12 ವೋಲ್ಟ್ ಬ್ಯಾಟರಿಗೆಂದು ಮಾಡಿದ ಪ್ಯಾನೆಲ್ಲಿನಲ್ಲಿ 36 ಸೆಲ್ ಇರುತ್ತವೆ, ಅಂದರೆ ಸುಮಾರು 18 ವೋಲ್ಟ್.

14.4 ಬೇಕಾದಲ್ಲಿ 18 ಯಾಕೆ? ಬಿಸಿಲು ಜಾಸ್ತಿಯಾದರೆ ಕರೆಂಟೂ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ. ಬೆಳಕು ಹೆಚ್ಚಾದರೆ ಸರಿ, ಆದರೆ ಪ್ಯಾನೆಲ್ ಕಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ. ಲೇಬಲ್ಲಿನ ಲೆಕ್ಕವೆಲ್ಲ 25 ಡಿಗ್ರಿಯದು. ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ 18 ಇದ್ದದ್ದು 15ರ ಹತ್ತಿರ ಬರುತ್ತದೆ. ವೈರಿನಲ್ಲಿ ಸ್ವಲ್ಪ ಹೋಗುತ್ತದೆ. ಉಳಿದದ್ದು ಬ್ಯಾಟರಿಗೆ ಸರಿಯಾಗಿ ಸಾಕಾಗುತ್ತದೆ.

ಮೋಸ ಹೋಗೋದು ಎಲ್ಲಿ?

ಈಗ ವ್ಯಾಟಿನ ಲೆಕ್ಕದಲ್ಲಿ ಅಗ್ಗಕ್ಕೆ ಸಿಗೋದು ದೊಡ್ಡ ಪ್ಯಾನೆಲ್‌ಗಳು. 72 ಸೆಲ್ಲಿನ 330 ವ್ಯಾಟ್ ಪ್ಯಾನೆಲ್ ತೆಗೆದುಕೊಳ್ಳಿ: ಸುಮಾರು 37 ವೋಲ್ಟ್, 9 ಆಂಪ್. ಇದನ್ನು ಒಂದೇ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಏನಾಗುತ್ತದೆ ಅನ್ನೋದು ಕಂಟ್ರೋಲರಿನ ಜಾತಿಯ ಮೇಲಿದೆ.

ಪಿಡಬ್ಲ್ಯುಎಂ ಕಂಟ್ರೋಲರ್ ಒಂದು ಚುರುಕಾದ ಸ್ವಿಚ್ ಇದ್ದಂತೆ. ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಸೇರಿಸುತ್ತದೆ, ಬ್ಯಾಟರಿ ತುಂಬುತ್ತ ಬಂದಾಗ ಆಫ್-ಆನ್ ಮಾಡುತ್ತ ಕಡಿಮೆ ಮಾಡುತ್ತದೆ. ಸೇರಿಸಿದಾಗ ಪ್ಯಾನೆಲ್ಲಿನ 37 ವೋಲ್ಟ್ ಬ್ಯಾಟರಿಯ 13ಕ್ಕೆ ಇಳಿಯುತ್ತದೆ, ಆಂಪ್ ಮಾತ್ರ ಅದೇ 9. ಗುಣಿಸಿ ನೋಡಿ: 13 × 9 ಅಂದರೆ 117 ವ್ಯಾಟ್. 330ಕ್ಕೆ ದುಡ್ಡು ಕೊಟ್ಟು ಮೂರರಲ್ಲಿ ಒಂದು ಪಾಲು ಪಡೆದ ಹಾಗಾಯಿತು.

ಎಂಪಿಪಿಟಿ ಕಂಟ್ರೋಲರ್ ಹಾಗಲ್ಲ. ನಮ್ಮಲ್ಲಿ ಡ್ರೈವರ್ ಕೆಲಸದಲ್ಲಿರೋರಿಗೆ ಹೇಳೋದಾದರೆ ಅದು ಗೇರ್‌ಬಾಕ್ಸ್ ಇದ್ದ ಹಾಗೆ. ವೋಲ್ಟ್ ಇಳಿಸಿ ಆಂಪ್ ಏರಿಸುತ್ತದೆ. ನೂರಕ್ಕೆ ಐದರಷ್ಟು ನಷ್ಟ ಹಿಡಿದರೂ ಅದೇ ಪ್ಯಾನೆಲ್ಲಿನಿಂದ ಬ್ಯಾಟರಿಗೆ ಸುಮಾರು 24 ಆಂಪ್ ಹೋಗುತ್ತದೆ.

ಹಾಗಂತ ಎಲ್ಲರಿಗೂ ಎಂಪಿಪಿಟಿ ಬೇಕಿಲ್ಲ. ಒಂದು ಬ್ಯಾಟರಿ, 36 ಸೆಲ್ಲಿನ 100 ವ್ಯಾಟ್ ಪ್ಯಾನೆಲ್, ನಾಲ್ಕು ದೀಪ ಅಷ್ಟೇ ಇದ್ದರೆ ಕಡಿಮೆ ಬೆಲೆಯ ಪಿಡಬ್ಲ್ಯುಎಂ ಸಾಕು. ಎರಡು ಬ್ಯಾಟರಿ ಸೀರೀಸ್‌ನಲ್ಲಿ ಸೇರಿಸಿ 24 ವೋಲ್ಟ್ ಮಾಡಿದ್ದರೆ 72 ಸೆಲ್ಲಿನ ಪ್ಯಾನೆಲ್ಲಿಗೂ ಅದು ಹೊಂದುತ್ತದೆ. ಆದರೆ 60 ಸೆಲ್ಲಿನ ಒಂದೇ ಪ್ಯಾನೆಲ್ಲನ್ನು 24 ವೋಲ್ಟಿಗೆ ಹಾಕಿಸಬೇಡಿ. ಅದರ 31 ವೋಲ್ಟ್ ಬಿಸಿಲಲ್ಲಿ 26ರ ಹತ್ತಿರ ಇಳಿಯುತ್ತದೆ, ಬ್ಯಾಟರಿಗೆ ಬೇಕಾದದ್ದು 28.8. ಸಾಮಾನ್ಯವಾಗಿ ಸಿಗುವ ಎಂಪಿಪಿಟಿ ಕೂಡ ವೋಲ್ಟ್ ಇಳಿಸಬಲ್ಲದೇ ಹೊರತು ಏರಿಸದು.

ಮನೆಯಿಂದ ಎರಡು ಫೋಟೊ ತರಿಸಿ

ದುಡ್ಡು ಹಾಕುವ ಮೊದಲು ಪ್ಯಾನೆಲ್ಲಿನ ಹಿಂಬದಿಯ ಲೇಬಲ್ ಮತ್ತು ಕಂಟ್ರೋಲರಿನ ಲೇಬಲ್, ಎರಡರ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಸೋಲಾರ್ ಇನ್ವರ್ಟರ್ ಆದರೆ ಕಂಟ್ರೋಲರ್ ಅದರ ಒಳಗೇ ಇರುತ್ತದೆ, ಲೆಕ್ಕ ಅದೇ. ನೋಡಬೇಕಾದ್ದು ಇಷ್ಟು:

1. ಪ್ಯಾನೆಲ್ಲಿನ ವಿಎಂಪಿ. ಇದು ಕೆಲಸದ ವೋಲ್ಟೇಜ್. ಪಿಡಬ್ಲ್ಯುಎಂ ಆದರೆ 12 ವೋಲ್ಟ್ ಬ್ಯಾಟರಿಗೆ 18ರ ಆಸುಪಾಸು, 24ಕ್ಕೆ 36ರ ಆಸುಪಾಸು ಇರಬೇಕು.

2. ಪ್ಯಾನೆಲ್ಲಿನ ವಿಒಸಿ. ಲೋಡ್ ಇಲ್ಲದಾಗಿನ ವೋಲ್ಟೇಜ್. 72 ಸೆಲ್ಲಿಗೆ ಸುಮಾರು 45. ಎರಡು ಪ್ಯಾನೆಲ್ ಸೀರೀಸ್ ಮಾಡಿದರೆ 90. ಮಲೆನಾಡಿನ ಚಳಿಯ ಬೆಳಿಗ್ಗೆ ಇದು ಇನ್ನೂ ಏರುತ್ತದೆ. ಕಂಟ್ರೋಲರ್ ತಡೆಯುವ ಗರಿಷ್ಠ ವೋಲ್ಟ್ ಇದಕ್ಕಿಂತ ಸಾಕಷ್ಟು ಮೇಲಿರಬೇಕು, ಇಲ್ಲದಿದ್ದರೆ ಸುಟ್ಟು ಹೋಗುತ್ತದೆ.

3. ಕಂಟ್ರೋಲರಿನ ಆಂಪ್. ಎಂಪಿಪಿಟಿಯಲ್ಲಿ ಪ್ಯಾನೆಲ್ಲಿನ ವ್ಯಾಟನ್ನು ಬ್ಯಾಟರಿ ವೋಲ್ಟಿನಿಂದ ಭಾಗಿಸಿ. ಮೇಲಿನ ಉದಾಹರಣೆಗೆ 30 ಆಂಪಿನದು ಬೇಕು.

ಈಗಾಗಲೇ ಹಾಕಿಸಿದ್ದರೆ? ಎಂಪಿಪಿಟಿ ಅಂತ ಸ್ಟಿಕರ್ ಅಂಟಿಸಿದ ಪಿಡಬ್ಲ್ಯುಎಂ ಪೆಟ್ಟಿಗೆಗಳೂ ಮಾರಾಟಕ್ಕಿವೆ. ಪರೀಕ್ಷೆ ಸುಲಭ. ಬಿಸಿಲು ಚೆನ್ನಾಗಿರುವಾಗ, ಬ್ಯಾಟರಿ ಇನ್ನೂ ತುಂಬಿರದಾಗ, ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಕಂಟ್ರೋಲರಿನ ಪ್ಯಾನೆಲ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿಸಿ. 72 ಸೆಲ್ಲಿನ ಪ್ಯಾನೆಲ್ ಇದ್ದೂ 13-14 ವೋಲ್ಟ್ ತೋರಿಸಿದರೆ ಒಳಗಿರೋದು ಪಿಡಬ್ಲ್ಯುಎಂ. 30ರ ಮೇಲೆ ತೋರಿಸಿದರೆ ನಿಜವಾದ ಎಂಪಿಪಿಟಿ. ಅದೇ ಹೊತ್ತಿಗೆ ವಿಡಿಯೊ ಕಾಲ್ ಮಾಡಿದರೆ ನೀವೂ ಕಣ್ಣಾರೆ ನೋಡಬಹುದು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು ಹೇಳಿಡಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಬ್ಯಾಟರಿ ವೈರಿಗೆ ಫ್ಯೂಸ್ ಇರಲೇಬೇಕು. ಹೊಸ ಬ್ಯಾಟರಿ ಕೊಳ್ಳಲು ಹಣ ಕಳಿಸುವ ಮೊದಲು ಆ ಎರಡು ಲೇಬಲ್ ಓದಿ. ಹಳೇ ಬ್ಯಾಟರಿ ಚೆನ್ನಾಗಿಯೇ ಇದ್ದು, ಬದಲಾಯಿಸಬೇಕಾದ್ದು ಬರೀ ಕಂಟ್ರೋಲರ್ ಆಗಿರಬಹುದು.